ಉತ್ತಮ ಪುರುಷ, ಏಕವಚನ

ವ್ಯಾಕರಣ ಹೇಳಿಕೊಡುವವನ ಪಾಡು ವಿಚಿತ್ರವಾದದ್ದು. ಎಲ್ಲಿ ಹೋದರೂ ಅವನಿಗೆ ವ್ಯಾಕರಣವೇ ಎದುರಾಗುತ್ತದೆ. ನಲವತ್ತು ದಾಟಿದ ವಯಸ್ಸಿನಲ್ಲಿ, ಒಂದು ಭಾನುವಾರದ ಮಧ್ಯಾಹ್ನ, ಮಗನ ಕಂಪ್ಯೂಟರಿನ ಮುಂದೆ ಕುಳಿತು, ಇಲ್ಲದ ಪಿಸ್ತೂಲೊಂದನ್ನು ಹಿಡಿದು, ಇಲ್ಲದ ಓಣಿಯೊಂದರಲ್ಲಿ ನಡುಗುತ್ತ ನಿಂತಿದ್ದಾಗಲೂ ನನಗೆ ಮೊದಲು ತೋರಿದ್ದು ವ್ಯಾಕರಣದ ಸಂದೇಹವೇ. ಈ ಜಾತಿಯ ಆಟಗಳಿಗೆ ಇಂಗ್ಲಿಷಿನಲ್ಲಿ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರು. ಇದನ್ನು ಕನ್ನಡಕ್ಕೆ ತರುವ ಅವಸರದಲ್ಲಿ ಯಾರಾದರೂ ‘ಪ್ರಥಮ ಪುರುಷ’ ಎಂದುಬಿಟ್ಟರೆ ಅರ್ಥ ತಲೆಕೆಳಗಾಗುತ್ತದೆ. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷನೆಂದರೆ ‘ಅವನು’, ಮಾತಿನ ಹೊರಗಿರುವವನು. ‘ನೀನು’ ಎಂಬುದು ಮಧ್ಯಮ ಪುರುಷ. ‘ನಾನು’ ಎಂಬವನು ಕಟ್ಟಕಡೆಗೆ ಬರುವ ಉತ್ತಮ ಪುರುಷ. ಇಂಗ್ಲಿಷರು ಎಣಿಕೆಯನ್ನು ತಮ್ಮಿಂದಲೇ ಆರಂಭಿಸುತ್ತಾರೆ. ನಮ್ಮ ಹಿರಿಯರು ತಮ್ಮನ್ನು ಕಡೆಯಲ್ಲಿ ಎಣಿಸಿಕೊಂಡರು. ಕಡೆಯಲ್ಲಿ ನಿಂತರೂ ‘ಉತ್ತಮ’ ಎಂಬ ಬಿರುದನ್ನು ಮಾತ್ರ ಬಿಟ್ಟುಕೊಡಲಿಲ್ಲ ಎಂಬುದು ಬೇರೆಯ ಮಾತು. ಅಂತೂ ಅಂದು ನಾನು ಆ ಓಣಿಯಲ್ಲಿ ಉತ್ತಮ ಪುರುಷ ಏಕವಚನದಲ್ಲಿ ನಿಂತಿದ್ದೆ. ಅಲ್ಲಿನ ಭಾಷೆಯಲ್ಲಿ ‘ಕೊಲ್ಲು’ ಎಂಬ ಧಾತುವೊಂದನ್ನು ಬಿಟ್ಟರೆ ಬೇರೆ ಧಾತುವಿಲ್ಲವೆಂದು ನಂಬಿಯೇ ನಿಂತಿದ್ದೆ.

ನಾನು ಅಲ್ಲಿಗೆ ಹೋದದ್ದು ಇಷ್ಟಪಟ್ಟಲ್ಲ. 2023ರಲ್ಲಿ ನಮ್ಮ ಕಾಲೇಜಿನ ಸಾಹಿತ್ಯ ಸಂಘದ ಸಮಾರಂಭದಲ್ಲಿ ಭಾಷಣ ಮಾಡುವ ಸರದಿ ನನ್ನದಾಗಿತ್ತು. ವಿದ್ಯಾರ್ಥಿಗಳು ಓದುವುದಿಲ್ಲ ಎಂಬ ನಮ್ಮೆಲ್ಲರ ನಿತ್ಯದ ಪಲ್ಲವಿಯನ್ನು ಎತ್ತಿಕೊಂಡು, ಗುಂಡು ಹಾರಿಸುವ ಆಟಗಳ ಮೇಲೆ ಅರ್ಧಗಂಟೆ ಹರಿಹಾಯ್ದೆ. ಭಾರತ ಸರ್ಕಾರ 2020ರ ಸೆಪ್ಟೆಂಬರ್ 2ರಂದು ‘ಪಬ್ಜಿ’ಯನ್ನು ನಿಷೇಧಿಸಿದ್ದು, ಮರುವರ್ಷವೇ ಅದು ಹೆಸರು ಬದಲಿಸಿಕೊಂಡು ಬಂದದ್ದು, ಎಲ್ಲವನ್ನೂ ಹೇಳಿದೆ. “ಓದುವ ಕಣ್ಣುಗಳು ಗುರಿಯಿಡುವ ಕಣ್ಣುಗಳಾಗುತ್ತಿವೆ” ಎಂಬ ವಾಕ್ಯವನ್ನು ಹಿಂದಿನ ರಾತ್ರಿಯೇ ಸಿದ್ಧಮಾಡಿಕೊಂಡಿದ್ದೆ. ವೇದಿಕೆಯ ಮೇಲಿದ್ದ ಮಿತ್ರರು ಚಪ್ಪಾಳೆ ತಟ್ಟಿದರು. ಕೆಳಗೆ ಕುಳಿತವರು ತಟ್ಟಲಿಲ್ಲ. ಅದನ್ನು ನಾನು ಅವರ ಪಶ್ಚಾತ್ತಾಪವೆಂದು ತಿಳಿದುಕೊಂಡೆ.

ಪಿ.ಯು. ಓದುತ್ತಿದ್ದ ನನ್ನ ಮಗನಿಗೆ ಆ ಭಾಷಣದ ಧ್ವನಿಮುದ್ರಣ ಹೇಗೋ ತಲುಪಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಕೇಳಿದ: “ಅಪ್ಪ, ನೀವು ಇದುವರೆಗೆ ಯಾವ ಆಟ ಆಡಿ ನೋಡಿದ್ದೀರಿ?”

“ಆಡಿ ನೋಡೋದೇನು ಬಂತು? ವಿಷ ಅಂತ ಹೇಳೋದಕ್ಕೆ ರುಚಿ ನೋಡಬೇಕೇನೋ?”

“ಓದದೇ ಇರೋ ಪುಸ್ತಕಕ್ಕೆ ವಿಮರ್ಶೆ ಬರೆಯೋರನ್ನ ನೀವೇ ಬೈತೀರಲ್ಲ.”

ಸಾರು ಬಡಿಸುತ್ತಿದ್ದ ನನ್ನ ಹೆಂಡತಿ ನಕ್ಕಳು. ಮನೆಯಲ್ಲಿ ವಾದಗಳ ತೀರ್ಪು ಹೀಗೆಯೇ ಆಗುವುದು. ಮಗನ ಕಿರುಪರೀಕ್ಷೆಯ ಕಾಲಕ್ಕೆ ನಾನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ ಕಂಪ್ಯೂಟರಿನ ಮೌಸನ್ನು ಭಾನುವಾರ ನಾನೇ ಬೀಗ ತೆಗೆದು, ಧೂಳೊರಸಿ, ತಂದು ಅವನ ಮೇಜಿನ ಮೇಲೆ ಇಡಬೇಕಾಯಿತು.

ತರಗತಿಗೆ ಪಠ್ಯವನ್ನು ಆರಿಸುವಷ್ಟು ಎಚ್ಚರದಿಂದ ಅವನು ನನಗೆ ಆಟವನ್ನು ಆರಿಸಿದ್ದ. ‘ಹಾಫ್ ಲೈಫ್’ ಎಂದು ಅದರ ಹೆಸರು. 1998ರ ನವೆಂಬರ್ 19ರಂದು ಅಮೆರಿಕದ ವಾಲ್ವ್ ಎಂಬ ಸಂಸ್ಥೆ ಹೊರತಂದದ್ದು. ಇಪ್ಪತ್ತೈದು ವರ್ಷ ತುಂಬಿದ ಸಂತೋಷಕ್ಕೆ 2023ರ ಆ ದಿನಗಳಲ್ಲಿ ಅದನ್ನು ಬಿಟ್ಟಿಯಾಗಿ ಹಂಚಿದರಂತೆ. ಇವನೂ ಒಂದು ಪ್ರತಿ ಪಡೆದುಕೊಂಡಿದ್ದ. ಹುಡುಗನಿಗಿಂತ ಆಟಕ್ಕೆ ವಯಸ್ಸು ಹೆಚ್ಚು. “ಹಳಗನ್ನಡದಿಂದ ಶುರು ಮಾಡೋಣ ಅಪ್ಪ” ಎಂದ. ಈ ಮಾತಿನಲ್ಲಿದ್ದ ಚುಚ್ಚನ್ನು ನಾನು ಗಮನಿಸದವನಂತೆ ಇದ್ದೆ.

ಹಳಗನ್ನಡಕ್ಕೂ ಹಿಂದೆ ಪೂರ್ವದ ಹಳಗನ್ನಡವಿದೆಯಷ್ಟೆ. ಈ ಆಟಗಳ ವಂಶಾವಳಿ 1973ರ ಸುಮಾರಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯದಲ್ಲಿರುವ ನಾಸಾದ ಏಮ್ಸ್ ಸಂಶೋಧನ ಕೇಂದ್ರದಲ್ಲಿ ಕೆಲಸಕ್ಕಿದ್ದ ಕೆಲವರು ಹುಡುಗರು ಬಿಡುವಿನಲ್ಲಿ ‘ಮೇಜ್ ವಾರ್’ ಎಂಬ ಚಕ್ರವ್ಯೂಹದ ಆಟವನ್ನು ಕಟ್ಟಿದರು. ಗೆರೆಗಳಲ್ಲಿ ಬರೆದ ಓಣಿಗಳು. ಆಡುವವನು ಓಣಿಯನ್ನು ಮೇಲಿನಿಂದ ನೋಡುವುದಿಲ್ಲ, ಒಳಗೆ ನಿಂತು ನೋಡುತ್ತಾನೆ. ಅದರ ಮುಂದಿನ ರೂಪವೊಂದರಲ್ಲಿ ಆಟಗಾರರು ಒಬ್ಬರಿಗೊಬ್ಬರು ಕಾಣಿಸುತ್ತಿದ್ದದ್ದು ಬರಿಯ ಕಣ್ಣುಗುಡ್ಡೆಗಳಾಗಿ. ಮುಖವಿಲ್ಲ, ಮೈಯಿಲ್ಲ, ಒಂದು ಕಣ್ಣು ಇನ್ನೊಂದು ಕಣ್ಣನ್ನು ಬೇಟೆಯಾಡುತ್ತ ಗೋಡೆಗಳ ನಡುವೆ ತೇಲುತ್ತದೆ. ಈ ಕಲೆಯ ಗುಟ್ಟೆಲ್ಲ ಆ ಮೊದಲ ಚಿತ್ರದಲ್ಲೇ ಇತ್ತೆಂದು ನನಗೆ ಈಗ ತೋರುತ್ತದೆ. ಆಮೇಲೆ 1992ರಲ್ಲಿ ‘ವುಲ್ಫೆನ್‌ಸ್ಟೈನ್ 3ಡಿ’, 1993ರ ಡಿಸೆಂಬರಿನಲ್ಲಿ ‘ಡೂಮ್’ ಬಂದುವು. ಎರಡನ್ನೂ ಮಾಡಿದವರು ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ ಮೊದಲಾದ ಐಡಿ ಸಾಫ್ಟ್‌ವೇರ್ ಸಂಸ್ಥೆಯ ತರುಣರು. ಡೂಮ್ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದಾಗಿತ್ತು, ಹಂಚಬಹುದಾಗಿತ್ತು. ಅದು ಲೋಕವನ್ನೇ ಹಿಡಿಯಿತು. ಆ ಲೋಕದಲ್ಲಿ ಮೆಟ್ಟಿಲುಗಳಿದ್ದುವು, ಎತ್ತರ ತಗ್ಗುಗಳಿದ್ದುವು, ಆದರೆ ಒಂದು ಕೋಣೆಯ ಮೇಲೆ ಮತ್ತೊಂದು ಕೋಣೆ ಇರಲು ಸಾಧ್ಯವಿರಲಿಲ್ಲ. ಯಂತ್ರಕ್ಕೆ ಆ ಲೆಕ್ಕ ನಿಲುಕುತ್ತಿರಲಿಲ್ಲ. ಮಹಡಿಯ ಮೇಲೆ ಮಹಡಿ ಕಟ್ಟುವ ಶಕ್ತಿ 1996ರ ‘ಕ್ವೇಕ್’ ಆಟಕ್ಕೆ ಬಂದಿತು. ವಾಲ್ವ್ ಸಂಸ್ಥೆಯವರು ಆ ಕ್ವೇಕಿನ ಯಂತ್ರಾಂಗವನ್ನು ಹಣಕೊಟ್ಟು ಪಡೆದು, ತಿದ್ದಿ, ಅದರ ಮೇಲೆ ಹಾಫ್ ಲೈಫನ್ನು ಕಟ್ಟಿದರು. 1997ರಲ್ಲೇ ಹೊರಬರಬೇಕಾಗಿದ್ದ ಆಟ ತಮಗೇ ಹಿಡಿಸಲಿಲ್ಲವೆಂದು ಅದರ ಬಹುಭಾಗವನ್ನು ಕೆಡವಿ, ಇನ್ನೊಂದು ವರ್ಷ ಕುಳಿತು ಮತ್ತೆ ಕಟ್ಟಿದರಂತೆ. ಅಚ್ಚಿಗೆ ಹೋಗಬೇಕಾದ ಕಾದಂಬರಿಯನ್ನು ಹೀಗೆ ಹರಿದು ಮತ್ತೆ ಬರೆದವರು ನಮ್ಮಲ್ಲಿ ಎಷ್ಟು ಮಂದಿ? ಇರಲಿ.

ಮೊದಲ ದಿನ ನನಗಾದದ್ದು ಆನಂದವಲ್ಲ, ವಾಕರಿಕೆ. ಎಡಗೈಯ ಬೆರಳುಗಳನ್ನು ಕೀಲಿಮಣೆಯ ನಾಲ್ಕು ಅಕ್ಷರಗಳ ಮೇಲಿಟ್ಟು ನಡೆಯಬೇಕು. ಬಲಗೈಯಲ್ಲಿ ಮೌಸನ್ನು ಸರಿಸಿ ನೋಡಬೇಕು. ಕಾಲು ಎಡಗೈಯಲ್ಲಿ, ಕುತ್ತಿಗೆ ಬಲಗೈಯಲ್ಲಿ! ಈ ನಾಲ್ಕು ಕೀಲಿಗಳ ಪದ್ಧತಿಯನ್ನು ಹೆಸರಿಗೆ ತಂದವನು ಡೆನ್ನಿಸ್ ಫಾಂಗ್ ಎಂಬ ಆಟಗಾರ. 1997ರಲ್ಲಿ ಕ್ವೇಕ್ ಪಂದ್ಯವೊಂದನ್ನು ಗೆದ್ದು ಕಾರ್ಮ್ಯಾಕ್ ಅವರ ಸ್ವಂತ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದನಂತೆ. ನನಗಂತೂ ಹತ್ತು ನಿಮಿಷದಲ್ಲಿ ಆಗುಂಬೆಯ ಘಾಟಿಯನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಇಳಿದ ಅನುಭವವಾಯಿತು. ಮುಂದೆ ಹೋಗೆಂದರೆ ಗೋಡೆಗೆ ಮುಖ, ತಿರುಗೆಂದರೆ ಸೂರಿನ ದರ್ಶನ. ಕಣ್ಣು ‘ನೀನು ಓಡುತ್ತಿದ್ದೀಯೆ’ ಎನ್ನುತ್ತದೆ. ಕಿವಿಯೊಳಗಿನ ಸಮತೋಲದ ಅಂಗ ‘ಇಲ್ಲ, ಕುರ್ಚಿಯಲ್ಲಿ ಕುಳಿತಿದ್ದೀಯೆ’ ಎನ್ನುತ್ತದೆ. ಇಬ್ಬರು ಸಾಕ್ಷಿಗಳ ಈ ಜಗಳದಲ್ಲಿ ಹೊಟ್ಟೆ ಶಿಕ್ಷೆ ಅನುಭವಿಸುತ್ತದೆ. ನಿಂಬೆಹಣ್ಣಿನ ಪಾನಕ ಕುಡಿದು ಮಲಗಿದೆ. “ಸಾಕು ಬಿಡ್ರೀ, ಈ ವಯಸ್ಸಿನಲ್ಲಿ ಯುದ್ಧ ಯಾತಕ್ಕೆ?” ಎಂದಳು ಮನೆಯಾಕೆ. ಮಗ ಮಾತಾಡದೆ ಆಟದ ನೋಟದ ಅಗಲವನ್ನು ಹೆಚ್ಚಿಸಿ, ದೀಪ ಹಾಕಿ ಆಡಬೇಕೆಂದೂ ಹದಿನೈದು ನಿಮಿಷಕ್ಕೊಮ್ಮೆ ಏಳಬೇಕೆಂದೂ ವಿಧಿಸಿದ. ಒಂದು ವಾರದಲ್ಲಿ ವಾಕರಿಕೆ ನಿಂತಿತು.

ಆಮೇಲೆ ಆಟವನ್ನು ಮೊದಲಿನಿಂದ ಆರಂಭಿಸಿದೆ. ಆಗ ನನಗಾದ ಮೊದಲ ಆಶ್ಚರ್ಯವೆಂದರೆ, ಗುಂಡು ಹಾರಿಸುವ ಈ ಆಟದಲ್ಲಿ ಬಹಳ ಹೊತ್ತು ಬಂದೂಕೇ ಇಲ್ಲ. ನ್ಯೂ ಮೆಕ್ಸಿಕೊದ ಮರುಭೂಮಿಯ ಅಡಿಯಲ್ಲಿ ಬ್ಲ್ಯಾಕ್ ಮೀಸಾ ಎಂಬ ಕಲ್ಪಿತ ಪ್ರಯೋಗಶಾಲೆ. ಅಲ್ಲಿ ಕೆಲಸ ಮಾಡುವ ಗಾರ್ಡನ್ ಫ್ರೀಮನ್ ಎಂಬ ಇಪ್ಪತ್ತೇಳು ವರ್ಷದ ಭೌತವಿಜ್ಞಾನಿ ಬೆಳಗ್ಗೆ ಪುಟ್ಟ ರೈಲಿನಲ್ಲಿ ಕುಳಿತು ಕೆಲಸಕ್ಕೆ ಹೋಗುತ್ತಾನೆ. ಅಷ್ಟೇ. ನಾನು ಆ ರೈಲಿನಲ್ಲಿ ಕುಳಿತು ಐದು ನಿಮಿಷ ಕಿಟಕಿಯಿಂದ ನೋಡುತ್ತ ಹೋದೆ. ಸಮಯವನ್ನೂ ಹೊರಗಿನ ಶಾಖವನ್ನೂ ಹೇಳುವ ಯಂತ್ರದ ಧ್ವನಿ, ಕೆಳಗೆ ಭಾರ ಎತ್ತುವ ಯಂತ್ರಗಳು, ಬಾಗಿಲೊಂದರ ಮುಂದೆ ನಿಂತ ಕಾವಲುಗಾರ. ಫ್ರೀಮನ್ ಅಂದು ತಡವಾಗಿ ಬಂದಿದ್ದಾನೆ. ಎಂಟು ಗಂಟೆಯ ತರಗತಿಗೆ ಓಡುವ ಅಧ್ಯಾಪಕನಿಗೆ ಇದಕ್ಕಿಂತ ಆಪ್ತವಾದ ಆರಂಭ ಬೇಕೆ? ಈ ಕಥೆಯನ್ನು ಬರೆದವರು ಮಾರ್ಕ್ ಲೇಡ್ಲಾ ಎಂಬ ಕಾದಂಬರಿಕಾರರೆಂದು ಆಮೇಲೆ ತಿಳಿಯಿತು. ಆಟಕ್ಕೆ ಬರುವ ಮುನ್ನವೇ ಅವರ ಕಾದಂಬರಿಗಳು ಅಚ್ಚಾಗಿದ್ದುವು.

ಕಾದಂಬರಿಕಾರರಾಗಿಯೂ ಅವರು ಮತ್ತು ಅವರ ಸಂಗಡಿಗರು ತೋರಿದ ಸಂಯಮವನ್ನು ನಾನು ಮೆಚ್ಚಬೇಕು. ಫ್ರೀಮನ್ ಆಟದ ಉದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ನೋಟ ಅವನ ಕಣ್ಣನ್ನು ಬಿಟ್ಟು ಹೊರಗೆ ಬಂದು ‘ಇಗೋ, ಇವನು ಕಥಾನಾಯಕ’ ಎಂದು ತೋರಿಸುವುದಿಲ್ಲ. ಆಡುವವನಿಗೆ ಕಾಣುವುದು ಅವನ ಎರಡು ಕೈಗಳಷ್ಟೆ. ಉತ್ತಮ ಪುರುಷದಲ್ಲಿ ಹೇಳಿದ ಕಾದಂಬರಿಗಳನ್ನು ನಾವು ಎಷ್ಟೋ ಓದಿದ್ದೇವೆ. ಅಲ್ಲಿ ‘ನಾನು’ ಎನ್ನುವವನು ಇನ್ನೊಬ್ಬ. ಅವನು ಹೇಳುತ್ತಾನೆ, ನಾವು ಕೇಳುತ್ತೇವೆ. ಎಷ್ಟೇ ಹತ್ತಿರ ಬಂದರೂ ಅವನ ‘ನಾನು’ ನಮಗೆ ‘ಅವನೇ’. ಇಲ್ಲಿಯೋ, ‘ನಾನು’ ಎಂದು ಹೇಳುವ ಬಾಯನ್ನೇ ತೆಗೆದುಹಾಕಿ ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಜಾಗದಲ್ಲಿ ಹೋಗಿ ಕುಳಿತವನು ನಾನು.

ಪ್ರಯೋಗವೊಂದು ಕೆಡುತ್ತದೆ. ಗಾಡಿಯಲ್ಲಿದ್ದ ಹರಳನ್ನು ಕಿರಣದೊಳಕ್ಕೆ ತಳ್ಳುವವನು ಆಟಗಾರನೇ. ಆದ್ದರಿಂದ ಮುಂದಿನ ಅನರ್ಥಕ್ಕೆಲ್ಲ ಅವನ ಕೈಯೇ ನಿಮಿತ್ತ. ಬೇರೊಂದು ಲೋಕದ ಪ್ರಾಣಿಗಳು ಒಳನುಗ್ಗುತ್ತವೆ, ದೀಪಗಳು ಆರುತ್ತವೆ, ಕಟ್ಟಡ ಕುಸಿಯುತ್ತದೆ. ಕೈಗೆ ಮೊದಲು ಸಿಗುವ ಆಯುಧ ಒಂದು ಹಾರೆಕೋಲು. ಅಲ್ಲಿಂದ ಮೇಲಕ್ಕೆ, ಬಿಸಿಲಿಗೆ, ದಾರಿ ಹುಡುಕಬೇಕು.

ನನಗೆ ಈ ಹುಡುಕಾಟದಲ್ಲಿ ರುಚಿ ಹತ್ತಿದ್ದು ಎಂದು ಎಂಬುದನ್ನು ಖಚಿತವಾಗಿ ಹೇಳಬಲ್ಲೆ. ರಾಕೆಟ್ಟಿನ ಎಂಜಿನನ್ನು ಪರೀಕ್ಷಿಸುವ ಆಳವಾದ ಬಾವಿಯಂಥ ಕಟ್ಟಡವೊಂದು ಬರುತ್ತದೆ. ಅದರ ತಳದಿಂದ ಮೂರು ಬೃಹತ್ತಾದ ಬಾಹುಗಳು ತಾಳೆಮರದಂತೆ ಎದ್ದು ನಿಂತಿವೆ, ತುದಿಯಲ್ಲಿ ಕೊಕ್ಕು. ಗುಂಡಿಗೆ ಅವು ಸಾಯುವುದಿಲ್ಲ. ಅವಕ್ಕೆ ಕಣ್ಣಿಲ್ಲ, ಸದ್ದನ್ನು ಕೇಳಿ ಹೊಡೆಯುತ್ತವೆ. ನಾನು ಮೊದಲು ಓಡಿದೆ, ಸತ್ತೆ. ಗುಂಡು ಹಾರಿಸಿದೆ, ಸತ್ತೆ. ಹೀಗೆ ಏಳೆಂಟು ಸಲ ಸತ್ತ ಮೇಲೆ, ಮೆಲ್ಲನೆ ನಡೆಯುವ ಕೀಲಿಯೊಂದಿದೆ ಎಂದು ಮಗ ಹಿಂದೆ ಹೇಳಿದ್ದು ನೆನಪಾಯಿತು. ಗೋಡೆಯ ಅಂಚನ್ನು ಹಿಡಿದು ಒಂದೊಂದೇ ಹೆಜ್ಜೆ ಇಟ್ಟೆ. ಕೊಕ್ಕು ನನ್ನ ಮುಖದಿಂದ ಒಂದು ಮೊಳದಲ್ಲಿ ತೂಗಾಡುತ್ತಿದೆ. ಕಬ್ಬಿಣದ ಗೋಡೆಗೆ ಬಡಿದು ಘಣ್ ಎನ್ನಿಸುತ್ತಿದೆ. ನಾನು ಉಸಿರು ಬಿಗಿಹಿಡಿದಿದ್ದೆ. ಉಸಿರಾಟದ ಸದ್ದು ಆಟದೊಳಕ್ಕೆ ಹೋಗುವುದಿಲ್ಲವೆಂದು ತಿಳಿದಿದ್ದರೂ ಹಿಡಿದಿದ್ದೆ. ಅಡುಗೆಮನೆಯಲ್ಲಿ ಒಂದು ತಟ್ಟೆ ಬಿದ್ದಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, “ಶ್! ಸದ್ದು ಮಾಡಬೇಡ!” ಎಂದೆ. ಅತ್ತಕಡೆಯ ಬಾಗಿಲು ದಾಟಿ, ಇಂಧನ, ಆಮ್ಲಜನಕ, ವಿದ್ಯುತ್ತು ಮೂರನ್ನೂ ಒಂದೊಂದಾಗಿ ಹೊಂದಿಸಿ, ಹಿಂತಿರುಗಿ ಬಂದು ಎಂಜಿನನ್ನು ಉರಿಸಿ ಆ ಭೂತವನ್ನು ಸುಟ್ಟಾಗ ಹೊರಗೆ ಕತ್ತಲಾಗಿತ್ತು. ತಿದ್ದಬೇಕಾಗಿದ್ದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚದೆ ಬಿದ್ದಿತ್ತು. ನನಗೆ ಇಷ್ಟು ಪೂರ್ಣವಾದ ಗಮನ ಕೂಡಿಬಂದು ಎಷ್ಟು ವರ್ಷವಾಗಿತ್ತು! ಹಳೆಯ ಕಾವ್ಯವೊಂದನ್ನು ಮೊದಲ ಸಲ ನಿಘಂಟಿನ ಹಂಗಿಲ್ಲದೆ ಓದಿಕೊಂಡು ಹೋದ ರಾತ್ರಿಯೊಂದು ನೆನಪಾಯಿತು.

ಆ ಬಳಿಕ ನಾನು ಆ ಲೋಕವನ್ನು ನೋಡುವ ಬಗೆಯೇ ಬೇರೆಯಾಯಿತು. ಪ್ರತಿಯೊಂದು ಕೋಣೆಯೂ ಒಂದು ಪ್ರಶ್ನೆ. ಗಾಳಿಯ ಕಿಂಡಿ, ನೀರಿನ ಕೊಳವೆ, ಒಡೆದ ಏಣಿ. ಯಾವುದನ್ನು ಬೇಕೆಂದೇ ಇಟ್ಟಿದ್ದಾರೆ, ಯಾವುದು ಬರಿಯ ಅಲಂಕಾರ? ಒಳ್ಳೆಯ ಪದ್ಯದಲ್ಲಿ ವಿಶೇಷಣವೊಂದನ್ನು ಎದುರಿಸಿದಂತೆ ಎದುರಿಸಬೇಕು. ಇದರ ತಂತ್ರವೂ ಕೌತುಕದ್ದೇ. ಯಂತ್ರ ಆ ಲೋಕವನ್ನೆಲ್ಲ ಒಮ್ಮೆಗೇ ಬರೆದಿಡುವುದಿಲ್ಲ. ಕಟ್ಟಡದ ಲೆಕ್ಕವಷ್ಟೇ ಅದರ ಬಳಿ ಇರುವುದು. ನಾನು ಎತ್ತ ನೋಡುತ್ತೇನೋ ಅತ್ತ ಕಾಣಬೇಕಾದಷ್ಟನ್ನು ಮಾತ್ರ, ಒಂದು ಸೆಕೆಂಡಿಗೆ ಹಲವು ಹತ್ತು ಸಲ, ಹೊಸದಾಗಿ ಬರೆಯುತ್ತದೆ. ಬೆನ್ನು ತಿರುಗಿಸಿದೊಡನೆ ಆ ಕೋಣೆಯ ಗೋಡೆಗಳು ಬರೆಯಲ್ಪಡುವುದು ನಿಲ್ಲುತ್ತದೆ. ನೋಡಿದ್ದರಿಂದ ಇದೆ, ನೋಡದಿದ್ದರೆ ಇಲ್ಲ. ನಮ್ಮ ವೇದಾಂತಿಗಳು ದೃಷ್ಟಿಸೃಷ್ಟಿವಾದವೆಂದು ಕರೆದದ್ದನ್ನು ಈ ಹುಡುಗರು ಸಮಯ ಉಳಿಸುವ ಉಪಾಯವಾಗಿ ಮಾಡಿಕೊಂಡಿದ್ದಾರೆ. ತತ್ತ್ವಶಾಸ್ತ್ರದ ನನ್ನ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ಕಾಫಿ ಕುಡಿಯಲು ಕರೆದುಕೊಂಡು ಹೋದರು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಆನಂದವೆಲ್ಲ ನೋಟದ್ದು, ಒಗಟಿನದು, ಕೊಲ್ಲುವುದರಲ್ಲಿ ಏನೂ ಇರಲಿಲ್ಲ ಎಂದರೆ ಸಭ್ಯರ ಮುಂದೆ ಮರ್ಯಾದೆ ಉಳಿಯುತ್ತದೆ, ನಿಜ. ಆದರೆ ಆಟದ ನಡುವೆ ಸೈನಿಕರು ಬರುತ್ತಾರೆ. ಒಳಗೆ ಸಿಕ್ಕಿಬಿದ್ದ ವಿಜ್ಞಾನಿಗಳು ತಮ್ಮನ್ನು ಕಾಪಾಡಲು ಬಂದರೆಂದು ನಂಬಿದ್ದಾರೆ. ಒಬ್ಬ ವಿಜ್ಞಾನಿ ಕೈಯೆತ್ತಿಕೊಂಡು ಸಂತೋಷದಿಂದ ಸೈನಿಕನ ಕಡೆಗೆ ಓಡುತ್ತಾನೆ. ಸೈನಿಕ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ನಡೆದ ಅನರ್ಥಕ್ಕೆ ಸಾಕ್ಷಿಗಳೇ ಉಳಿಯಬಾರದೆಂದು ಬಂದವರು ಅವರು. ಅದನ್ನು ನೋಡಿದ ಮೇಲೆ ನಾನು ಆ ಸೈನಿಕರೊಡನೆ ಕಾದಿದೆ. ಅವರು ಸುಮ್ಮನೆ ಬಂದು ಸಾಯುವವರಲ್ಲ. ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ, ಮರೆಯಲ್ಲಿ ನಿಂತರೆ ಕೈಬಾಂಬು ಎಸೆದು ಹೊರಡಿಸುತ್ತಾರೆ, ಪಕ್ಕದಿಂದ ಸುತ್ತಿಬರುತ್ತಾರೆ. ಕಡೆಯವನು ಬಿದ್ದಾಗ ನನ್ನ ಅಂಗೈ ಬೆವೆತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಮತ್ತು ನಾನು ನಗುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಮಗ ನನ್ನ ಮುಖವನ್ನೇ ನೋಡುತ್ತಿದ್ದ. “ಹೇಗಿತ್ತಪ್ಪ?” ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಅವನು ಕೇಳಬೇಕಾಗಿಯೂ ಇರಲಿಲ್ಲ.

ಕಾವ್ಯದಲ್ಲಿ ಯುದ್ಧವನ್ನು ನಾವು ಆಸ್ವಾದಿಸುವುದಿಲ್ಲವೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಪಂಪನ ಕಾಳಗಗಳನ್ನು ಮೇಜು ಕುಟ್ಟಿ ಪಾಠ ಹೇಳಿದವನು ನಾನು. ಮಹಿಷಾಸುರನ ಪ್ರವೇಶಕ್ಕೆ ಚಂಡೆ ಮೊಳಗಿದಾಗ ಮೈ ನವಿರೇಳದ ಯಕ್ಷಗಾನದ ಪ್ರೇಕ್ಷಕ ಯಾರು? ಊರೂರಿನ ವೀರಗಲ್ಲುಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಬಾಣ ತಾಗಿದ ವೀರ ಅಪ್ಸರೆಯರ ನಡುವೆ ಸ್ವರ್ಗಕ್ಕೆ ಏರುವುದನ್ನು ವಿವರಿಸಿದ್ದೇನೆ. ವೀರ, ಭಯಾನಕ, ಬೀಭತ್ಸಗಳೂ ರಸಗಳೇ ಎಂದು ಭರತನೇ ಹೇಳಿಲ್ಲವೆ? ಈ ಸಮಾಧಾನ ಕೆಲವು ದಿನ ನಿಂತಿತು. ಅದು ಒಡೆದದ್ದು ಹೀಗೆ.

ಆಟದಲ್ಲಿ ವಿಜ್ಞಾನಿಗಳನ್ನು ನಮ್ಮ ಹಿಂದೆ ಬರುವಂತೆ ಕರೆಯಬಹುದು. ಒಂದು ಕೀಲಿಯನ್ನು ಒತ್ತಿದರೆ ಹಿಂಬಾಲಿಸುತ್ತಾರೆ. ಮತ್ತೆ ಒತ್ತಿದರೆ ಅಲ್ಲಿಯೇ ನಿಲ್ಲುತ್ತಾರೆ. ನಮಗೆ ಪೆಟ್ಟಾಗಿದ್ದರೆ ಇಂಜೆಕ್ಷನ್ ಸೂಜಿಯನ್ನು ತೆಗೆದು ಚುಚ್ಚಿ ಗುಣಪಡಿಸುತ್ತಾರೆ. ಬಿಳಿಯ ನಿಲುವಂಗಿ ತೊಟ್ಟ ವಯಸ್ಸಾದ ಒಬ್ಬರನ್ನು ಹೀಗೆ ಕರೆದುಕೊಂಡು ಒಂದು ಕತ್ತಲೆಯ ಓಣಿಯಲ್ಲಿ ಹೊರಟಿದ್ದೆ. ಮನುಷ್ಯರ ತಲೆಗೆ ಹಾರಿ ಕಚ್ಚಿಕೊಳ್ಳುವ ಪುಟ್ಟ ಪಿಶಾಚಿಗಳ ಕಾಟ ಅಲ್ಲಿ ವಿಪರೀತ. ಎರಡನ್ನು ಕೊಂದೆ, ನನಗೂ ಸಾಕಷ್ಟು ಪೆಟ್ಟಾಗಿತ್ತು. ಬೆನ್ನ ಹಿಂದೆ ಏನೋ ಸರಿಯಿತು. ಗರಕ್ಕನೆ ತಿರುಗಿ ಮೂರು ಗುಂಡು ಹಾರಿಸಿದೆ. ಆ ಹೊತ್ತಿಗೆ ನಾನು ಅಷ್ಟು ಪಳಗಿದ್ದೆ, ಮೂರೂ ಗುರಿ ತಪ್ಪಲಿಲ್ಲ. ಬಿದ್ದವರು ಅವರು. ಸೂಜಿ ಹಿಡಿದು ನನ್ನ ಕಡೆಗೆ ಬರುತ್ತಿದ್ದರು.

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಎಫ್ 7 ಎಂಬ ಕೀಲಿಯನ್ನು ಒತ್ತಿದರೆ, ಕೊನೆಯ ಸಲ ಎಲ್ಲಿ ಉಳಿಸಿಟ್ಟಿದ್ದೆವೋ ಅಲ್ಲಿಗೆ ಕಾಲ ಹಿಂದಕ್ಕೆ ಹೋಗುತ್ತದೆ. ನಡುಗುವ ಬೆರಳಿನಿಂದ ಒತ್ತಿದೆ. ಓಣಿಯ ತಲೆಯಲ್ಲಿ ಅವರು ಮತ್ತೆ ನಿಂತಿದ್ದರು, ನಿಲುವಂಗಿಯ ಮೇಲೆ ಕಲೆಯಿಲ್ಲ. ಕರೆದರೆ ಬರಲು ಮೊದಲಿನಷ್ಟೇ ಸಿದ್ಧರು. ಅವರಿಗೆ ಏನೂ ಗೊತ್ತಿಲ್ಲ. ನನಗೊಬ್ಬನಿಗೇ ಗೊತ್ತಿದ್ದದ್ದು. ಅವರ ಹೆಣವನ್ನು ನೋಡಿದ್ದಕ್ಕಿಂತ ಅವರು ಹೀಗೆ ನಂಬಿ ನಿಂತದ್ದನ್ನು ನೋಡುವುದು ನನಗೆ ಕಷ್ಟವಾಯಿತು.

ಇದು ಚಿತ್ರ, ಲೆಕ್ಕ, ಬಣ್ಣದ ಚುಕ್ಕೆ; ಯಾರೂ ಸತ್ತಿಲ್ಲ. ಇದನ್ನು ನಾನು ಚೆನ್ನಾಗಿ ಬಲ್ಲೆ. ಆದರೂ ನಲವತ್ತು ವರ್ಷದ ಓದಿನಲ್ಲಿ ಯಾವ ಕಾವ್ಯವೂ ನನಗೆ ಇಂಥ ಒಂದು ಭಾವವನ್ನು ಕೊಟ್ಟಿರಲಿಲ್ಲ. ಕರುಣೆಯನ್ನು ಕೊಟ್ಟಿವೆ, ಕಣ್ಣೀರನ್ನು ಕೊಟ್ಟಿವೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದು, ಬಿದ್ದ ಗುರುವನ್ನೂ ತಮ್ಮನನ್ನೂ ಮಗನನ್ನೂ ಗೆಳೆಯನನ್ನೂ ಕಂಡು ಮರುಗುವ ಭಾಗವನ್ನು ಪಾಠಮಾಡುವಾಗ ನನ್ನ ಧ್ವನಿ ಪ್ರತಿವರ್ಷ ಕಟ್ಟುತ್ತದೆ. ಆದರೆ ಅವರನ್ನು ಅಲ್ಲಿ ಕೆಡವಿದವನು ನಾನಲ್ಲ. ಸಹೃದಯನ ಕೈಯಲ್ಲಿ ಬಿಲ್ಲಿರುವುದಿಲ್ಲ. ರಸಾಸ್ವಾದಕ್ಕೆ ಒಂದು ದೂರ ಬೇಕು, ಭಾವವು ‘ನನ್ನದು’ ‘ಅವನದು’ ಎಂಬ ಕಟ್ಟನ್ನು ಕಳಚಿ ಸಾಧಾರಣವಾಗಬೇಕು ಎಂದು ಭಟ್ಟನಾಯಕನ ಕಾಲದಿಂದ ಹೇಳುತ್ತ ಬಂದಿದ್ದೇವೆ. ಈ ಆಟ ಅದಕ್ಕೆ ವಿರುದ್ಧವಾದ ದಾರಿ ಹಿಡಿದಿದೆ: ಭಾವವನ್ನು ಬಿಡಿಸುವುದಿಲ್ಲ, ಕರ್ತೃವಿಗೆ ಕಟ್ಟುತ್ತದೆ. ‘ಕೊಂದನು’ ಎಂದು ಓದುವುದಕ್ಕೂ ‘ಕೊಂದೆನು’ ಎಂದು ಹೇಳಬೇಕಾಗುವುದಕ್ಕೂ ನಡುವೆ ಇರುವುದು ಒಂದು ಪ್ರತ್ಯಯದ ವ್ಯತ್ಯಾಸ. ಆ ಪ್ರತ್ಯಯವನ್ನು ನಾನು ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಬಾವಿಯ ಅಂಚಿನಲ್ಲಿ ಉಸಿರು ಹಿಡಿದಾಗ ನನಗಾದ ಸಂತೋಷ ಬಂದದ್ದೂ ಅದೇ ಪ್ರತ್ಯಯದಿಂದ, ಈ ಅಪರಾಧಭಾವ ಬಂದದ್ದೂ ಅದರಿಂದಲೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ನನಗೆ ಆಗುತ್ತಿಲ್ಲ.

ಎಲ್ಲ ಆಟಗಳೂ ಹೀಗಿವೆ ಎಂದು ನಾನು ವಕಾಲತ್ತು ವಹಿಸಲಾರೆ. ಮಗ ತೋರಿಸಿದ ಇನ್ನು ಕೆಲವನ್ನು ಆಡಿದೆ. ಬಹಳಷ್ಟರಲ್ಲಿ ಸತ್ತವನ ಬಗ್ಗೆ ಯೋಚಿಸಲು ಎಡೆಯೇ ಇಲ್ಲ. ಪಬ್ಜಿಯಲ್ಲಿ ಸತ್ತವನು ಒಂದು ಪೆಟ್ಟಿಗೆಯಾಗಿಬಿಡುತ್ತಾನೆ; ಅವನ ಸಾಮಾನನ್ನು ಬಾಚಿಕೊಂಡು ಮುಂದೆ ಓಡುವುದು. ರನ್ನನ ದುರ್ಯೋಧನನಿಗೆ ಅಲ್ಲಿ ನಡೆಯಲು ರಣರಂಗವೇ ಸಿಗುವುದಿಲ್ಲ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ ಒಂದು ಚಿಕಿತ್ಸಾಲಯವಿದೆ. ಹಾಗೆಯೇ, 2003ರಲ್ಲಿ ಗ್ರೀನ್ ಮತ್ತು ಬವೇಲಿಯರ್ ಎಂಬ ಸಂಶೋಧಕರು ಇಂಥ ಆಟಗಳಿಂದ ಕಣ್ಣಿನ ಗಮನಶಕ್ತಿ ಹೆಚ್ಚುವುದೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನನ್ನ ಕನ್ನಡಕದ ನಂಬರು ಇದ್ದಲ್ಲಿಯೇ ಇದೆ. ಹಿಂಸೆಯ ಪ್ರಶ್ನೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದಿಷ್ಟು: ಆಟಗಳಿಗೂ ಕೂಗಾಟ ತಳ್ಳಾಟದಂಥ ಒರಟುತನಕ್ಕೂ ಸ್ವಲ್ಪ ಸಂಬಂಧವಿದೆ, ಘೋರ ಹಿಂಸಾಕೃತ್ಯಗಳಿಗೆ ಅವೇ ಕಾರಣವೆನ್ನಲು ಆಧಾರ ಸಾಲದು. ನನ್ನ ಭಾಷಣದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಕಣ್ಣುಗಳ ಮೇಲಿನ ಆ ಒಂದು ವಾಕ್ಯ. ಅಂದು ಚಪ್ಪಾಳೆ ತಟ್ಟದೆ ಕುಳಿತಿದ್ದ ಹುಡುಗರಲ್ಲಿ ಇಬ್ಬರು ಈಗ ಅಂತಿಮ ವರ್ಷದಲ್ಲಿದ್ದಾರೆ. ತರಗತಿಯಲ್ಲಿ ಅವರ ಕಣ್ಣು ನನ್ನ ಕಣ್ಣನ್ನು ಸಂಧಿಸಿದಾಗ ಮೊದಲು ತಗ್ಗುವುದು ನನ್ನದು.

ಮಗ ಎಂಜಿನಿಯರಿಂಗ್ ಓದಲು ಬೇರೆ ಊರಿಗೆ ಹೋದ. ಅವನ ಕೋಣೆಯ ಕಂಪ್ಯೂಟರು ಈಗ ನನ್ನ ವಶದಲ್ಲಿದೆ. ಮೌಸು ಬೀರುವಿನಿಂದ ಹೊರಗೇ ಇದೆ. ಹಾಫ್ ಲೈಫಿನ ಕಡೆಯ ಭಾಗ ಆಕಾಶದಲ್ಲಿ ತೇಲುವ ಬಂಡೆಗಳ ಅನ್ಯಲೋಕದಲ್ಲಿ ನಡೆಯುತ್ತದೆ. ನೆಗೆಯುವುದು, ಬೀಳುವುದು, ಮತ್ತೆ ನೆಗೆಯುವುದು. ಒಳ್ಳೆಯ ಕಾದಂಬರಿಗಳಲ್ಲೂ ಕೊನೆಯ ಐವತ್ತು ಪುಟ ಹೀಗೆ ಸಪ್ಪೆಯಾಗುವುದುಂಟು. ನಾನು ಅಲ್ಲಿ ತಿಂಗಳಿಂದ ಸಿಕ್ಕಿಕೊಂಡಿದ್ದೇನೆ. ಮೊನ್ನೆ ರಾತ್ರಿ ಮಗ ಫೋನು ಮಾಡಿದಾಗ, ಅಮ್ಮನೊಡನೆ ಊಟದ ವಿಚಾರವನ್ನೆಲ್ಲ ಮುಗಿಸಿ ನನ್ನನ್ನು ಕೇಳಿದ:

“ಅಪ್ಪ, ನೀವು ಉಳಿಸಿಟ್ಟಿದ್ದ ಹಳೇ ಆಟ ನೋಡಿದ್ದೆ. ಆ ಕತ್ತಲೆ ಓಣೀಲಿ ವಿಜ್ಞಾನಿಯೊಬ್ಬರನ್ನ ಯಾಕೆ ಅಲ್ಲೇ ಬಿಟ್ಟು ಹೋದಿರಿ? ಜೊತೆಗೆ ಕರ್ಕೊಂಡು ಹೋಗಿದ್ದರೆ ಪೆಟ್ಟಾದಾಗ ಇಂಜೆಕ್ಷನ್ ಕೊಡ್ತಿದ್ದರಲ್ಲ.”

“ಅವರಿಗೆ ವಯಸ್ಸಾಗಿದೆ” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಆ ತೇಲುವ ಬಂಡೆಯಿಂದ ಆಚೆಗೆ ನೆಗೆಯುವಾಗ ಮೊದಲು ಯಾವ ಕೀಲಿಯನ್ನು ಒತ್ತಿ ಹಿಡಿಯಬೇಕೆಂದು ಹೇಳಿಕೊಟ್ಟ.